ಎಡಕ್ಕೆ ಎಳೆಯುವ ಕೋಲು

ನಮ್ಮ ಮೊಮ್ಮಗಳು ಸಿಂಧು ಸೋತದ್ದು ಕೋಲು ಸೊಟ್ಟಗಿದ್ದದ್ದರಿಂದ. ಮಿಕ್ಕಿದ್ದೆಲ್ಲ ಸುಳ್ಳು. ಆಟದ ಹಾಲಿನಲ್ಲಿ ಎ.ಸಿ. ಜಾಸ್ತಿಯಾಗಿ ಕೈ ಮರಗಟ್ಟಿತು ಎಂದು ನನ್ನ ಸೊಸೆ ಮಾಲತಿ ಹೇಳಿದ್ದು ಸುಳ್ಳು. ಹುಡುಗಿ ಬೆಳಿಗ್ಗೆ ಸರಿಯಾಗಿ ತಿನ್ನಲಿಲ್ಲ ಎಂದು ನನ್ನ ಮಗ ರಾಘು ಹೇಳಿದ್ದು ಸುಳ್ಳು. ನಾನು ಮಾಡಿದ ಪೊಂಗಲನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. 'ನನಗೇ ಆಟ ಬರಲಿಲ್ಲ' ಎಂದು ಸಿಂಧು ಹೇಳಿದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಮನೆಯ ಮೂವರು ಹೆಂಗಸರಿಗೂ ನಿಜ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಕೋಲು ಅವಳ ಅಪ್ಪನದು.

ಆಟ ಯಾವುದು ಎಂದರೆ ಪೂಲ್. ಹಸಿರು ಬಟ್ಟೆ ಹೊದೆಸಿದ ಮೇಜು, ಅಂಚಿನಲ್ಲಿ ಆರು ತೂತು, ಬಣ್ಣಬಣ್ಣದ ಚೆಂಡುಗಳು. ಬಿಳಿಯ ಚೆಂಡನ್ನು ಕೋಲಿನಿಂದ ತಿವಿದು ಮಿಕ್ಕವನ್ನು ತೂತಿಗೆ ಬೀಳಿಸಬೇಕು. ಕೇರಂ ಇದ್ದಹಾಗೆಯೇ, ಆದರೆ ಕೂತು ಆಡುವ ಸುಖವಿಲ್ಲ. ಆ ಕೋಲಿಗೆ ಕ್ಯೂ ಎನ್ನುತ್ತಾರೆ. ನಾನು ಕೋಲು ಎಂದರೆ ರಾಘುವಿಗೆ ಮುಖ ಚಿಕ್ಕದಾಗುತ್ತದೆ. ಮರದ್ದು, ಉದ್ದಗಿದೆ, ತಿವಿಯಲು ಬರುತ್ತದೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವಳಿಗೆ ಅದು ಕೋಲೇ.

ರಾಘು ಕಾಲೇಜಿನಲ್ಲಿದ್ದಾಗ ಈ ಆಟ ಆಡುತ್ತಿದ್ದ. ಚೆನ್ನಾಗಿಯೇ ಆಡುತ್ತಿದ್ದನಂತೆ. ಕೋಲನ್ನು ನನ್ನ ಯಜಮಾನರು ತಂದುಕೊಟ್ಟಿದ್ದರು. 'ಅಪ್ಪ ಬಯ್ಯುತ್ತಿದ್ದರು, ಆದರೆ ಒಳಗೊಳಗೇ ನನ್ನ ಆಟ ಅಂದ್ರೆ ಅವರಿಗೆ ಹೆಮ್ಮೆ' ಎಂದು ಅವನು ಈಗಲೂ ಬಂದವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಗಂಟಲು ಕಟ್ಟುತ್ತದೆ. ನಡೆದದ್ದು ಇಷ್ಟು. ನಮ್ಮ ಪುರಸೈವಾಕ್ಕಂನಲ್ಲೇ ಯಜಮಾನರ ಸ್ನೇಹಿತರೊಬ್ಬರು ಆಟದ ಸಾಮಾನಿನ ಅಂಗಡಿ ಮುಚ್ಚುತ್ತಿದ್ದರು. ಹೋದವರಿಗೆಲ್ಲ ಒಂದೊಂದು ಸಾಮಾನು ತಗಲಿಸಿ ಕಳಿಸುತ್ತಿದ್ದರು. ಇವರು ದಾಕ್ಷಿಣ್ಯದ ಮನುಷ್ಯ, ಬೇಡ ಎನ್ನಲು ಬರುತ್ತಿರಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಶಟಲ್ ಬ್ಯಾಟು ಹಿಡಿದುಕೊಂಡು ಬಂದು, 'ಎಲ್ಲಾದರೂ ಇಡು, ಕಾಲಿಗೆ ಸಿಗದ ಹಾಗೆ' ಎಂದರು. ಇದನ್ನು ನಾನು ರಾಘುವಿಗೆ ಹೇಳಿಲ್ಲ. ಹೇಳಿ ಆಗಬೇಕಾದದ್ದೇನು?

ಮುಂದೆ ಮದುವೆ, ಆಫೀಸು ಎಂದು ಆಟ ನಿಂತಿತು. ಕೋಲು ಮಾತ್ರ ದೇವರ ಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತು. ಅದರ ತುದಿಯಲ್ಲಿ ಚೆಂಡಿಗೆ ತಾಗುವ ಕಡೆ ಗುಂಡಿಯಷ್ಟಗಲ ಚರ್ಮ ಅಂಟಿಸಿರುತ್ತಾರೆ. ಚರ್ಮ ಹದಮಾಡುವ ಕಾರ್ಖಾನೆಯಿದ್ದ ಕ್ರೋಂಪೇಟೆ ಬಂತು ಎಂದರೆ ವಾಸನೆಗೆ ರೈಲಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ಮನೆತನ ನಮ್ಮದು. ಅಂಥವರ ದೇವರ ಪಕ್ಕದಲ್ಲೇ ಇಷ್ಟು ವರ್ಷ ಒಂದು ಚೂರು ಚರ್ಮ ಆರಾಮಾಗಿ ಕಾಲ ಕಳೆಯಿತು. ದೇವರು ಏನೂ ಅನ್ನಲಿಲ್ಲ. ಅದು ಚರ್ಮ ಎಂದು ನನಗೆ ಗೊತ್ತಾದದ್ದೇ ಸಿಂಧು ಹೇಳಿದಮೇಲೆ.

ಮರವನ್ನು ಗೋಡೆಗೆ ಒರಗಿಸಿ ವರ್ಷಗಟ್ಟಲೆ ಬಿಟ್ಟರೆ ಬಾಗದೆ ಇನ್ನೇನಾಗುತ್ತದೆ? ಅದೂ ಸಮುದ್ರದ ಪಕ್ಕದ ಈ ತಮಿಳು ಊರಿನಲ್ಲಿ, ಉಪ್ಪಿನ ಜಾಡಿ ಮುಚ್ಚಿಟ್ಟರೂ ಒಳಗೆ ನೀರು ಬಿಡುವ ಊರಿನಲ್ಲಿ. ಒಂದು ದಿನ ರಾಘು ಆಫೀಸಿಗೆ ಹೋಗಿದ್ದಾಗ ಕಸ ಗುಡಿಸುತ್ತಿದ್ದೆ. ಪೊರಕೆ ತಾಗಿ ಕೋಲು ಬಿತ್ತು. ಮೊಸಾಯಿಕ್ ನೆಲದ ಮೇಲೆ ಉರುಳಿತು. ಲಟ್ಟಣಿಗೆ ಕೊಳ್ಳುವಾಗ ನಾನು ಮೊದಲು ನೆಲದ ಮೇಲೆ ಉರುಳಿಸಿ ನೋಡುತ್ತೇನೆ. ಸೊಟ್ಟಗಿದ್ದರೆ ಕುಂಟುತ್ತಾ ಹೋಗುತ್ತದೆ, ಅಡಿಯಿಂದ ಬೆಳಕು ಇಣುಕಿ ಮಾಯವಾಗುತ್ತದೆ. ಇದೂ ಹಾಗೆಯೇ ಕುಂಟಿತು. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಮಾಲತಿ. ಅವಳೂ ನೋಡಿದ್ದಳು.

"ನೆಲ ಸಮ ಇಲ್ಲ ಅನ್ಸತ್ತೆ, ಅತ್ತೆ" ಎಂದಳು.

"ಹೌದು ಹೌದು, ನೆಲ" ಎಂದೆ.

ಮೈಸೂರಿನಿಂದ ಬಂದ ಹುಡುಗಿ. ಸುಳ್ಳು ಹೇಳಿದರೂ ಮರ್ಯಾದೆಯಾಗಿ ಹೇಳುತ್ತಾಳೆ.

ಈ ನಡುವೆ ಸಿಂಧು ಕ್ರೋಂಪೇಟೆಯ ಕಡೆ ಕಾಲೇಜು ಸೇರಿದಳು. ಅಲ್ಲಿ ಈ ಆಟ ಹಿಡಿಯಿತು. ರಾಘುವಿಗೆ ಸ್ವರ್ಗವೇ ಸಿಕ್ಕಹಾಗಾಯಿತು. ಕೋಲನ್ನು ಒರೆಸಿ, ಎಣ್ಣೆ ತೀಡಿ, ಮಗಳ ಕೈಗೆ ಕೊಟ್ಟ. ಕೊಟ್ಟು ಸುಮ್ಮನಾದನೇ? ಹಿಡಿಯ ಮೇಲೆ ಒಂದು ಸಣ್ಣ ನಕ್ಷತ್ರದ ಗುರುತಿದೆ. ಅದು ಯಾವಾಗಲೂ ಮೇಲಕ್ಕೆ ಬರುವಹಾಗೆಯೇ ಹಿಡಿಯಬೇಕು ಎಂದು ಅಪ್ಪಣೆ. "ಯಾಕಪ್ಪಾ?" ಎಂದರೆ "ಹಾಗೇ" ಎನ್ನುತ್ತಿದ್ದ. "ಪೂಜೆಗೆ ಪೂರ್ವಕ್ಕೆ ಮುಖ ಮಾಡೋ ಥರಾನಾ?" ಎಂದು ಸಿಂಧು ನಗುತ್ತಿದ್ದಳು. ನನಗೂ ಅದು ಅವನ ಮೂಢನಂಬಿಕೆ ಎಂದೇ ಅನಿಸಿತು.

ಕಳೆದ ಭಾನುವಾರ ಅಡ್ಯಾರಿನ ಒಂದು ಹಾಲಿನಲ್ಲಿ ಅವಳ ಪಂದ್ಯ. ನನ್ನ ಮೊಣಕಾಲಿನ ಡಾಕ್ಟರೂ ಅಡ್ಯಾರಿನಲ್ಲೇ. ಒಂದೇ ಆಟೋದಲ್ಲಿ ಎರಡೂ ಆಗುತ್ತದೆ ಎಂದು ನನ್ನನ್ನೂ ಕೂರಿಸಿಕೊಂಡರು. ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, 'ಸವೆದುಹೋಗಿದೆ, ಬದಲಾಯಿಸಿಬಿಡೋಣ' ಎಂದರು. 'ಸರಿ ಸಾರ್, ಯಾವಾಗ?' ಎಂದ ನನ್ನ ಮಗ. ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಯೋಚಿಸಲಿಲ್ಲ. ಇವನನ್ನು ಹೊತ್ತು ತಿರುಗಿದ ಮೊಣಕಾಲು ಅದು. ಅದಕ್ಕೆ ಯಾರ ಗಂಟಲೂ ಕಟ್ಟಲಿಲ್ಲ. ನನಗೆ ಬೇಜಾರಿಲ್ಲ; ಸವೆದದ್ದನ್ನು ಬದಲಾಯಿಸುವುದು ನ್ಯಾಯವೇ. ಕೋಲಿಗೂ ಅದೇ ನ್ಯಾಯ ಯಾಕಿಲ್ಲ ಎಂದಷ್ಟೇ ನನ್ನ ಪ್ರಶ್ನೆ.

ಹಾಲಿನಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಆಟ ಶುರುವಾಯಿತು. ಸಿಂಧು ನಕ್ಷತ್ರ ಮೇಲೆ ಮಾಡಿ, ಬಗ್ಗಿ, ಕಣ್ಣು ಕಿರಿದು ಮಾಡಿ ತಿವಿಯುತ್ತಾಳೆ. ಚೆಂಡು ತೂತಿನ ಎಡಗಡೆಯ ಅಂಚಿಗೆ ತಾಗಿ ವಾಪಸು ಬರುತ್ತದೆ. ಮತ್ತೆ ತಿವಿಯುತ್ತಾಳೆ, ಮತ್ತೆ ಎಡಗಡೆ. ಅಷ್ಟರಲ್ಲಿ ರಾಘುವಿಗೆ ಆಫೀಸಿನ ಫೋನು ಬಂತು, ಹೊರಗೆ ಹೋದ. ಅವನ ಬೆನ್ನು ಬಾಗಿಲು ದಾಟಿದ್ದೇ ತಡ, ಹುಡುಗಿ ಗೋಡೆಯ ಸ್ಟ್ಯಾಂಡಿನಿಂದ ಹಾಲಿನವರ ಕೋಲೊಂದನ್ನು ಎಳೆದುಕೊಂಡಳು. ಬಣ್ಣ ಕಿತ್ತುಹೋದ, ಊರವರೆಲ್ಲ ಹಿಡಿದ ಕೋಲು. ಟಕ್ ಎಂದು ಒಂದು ಚೆಂಡು ಒಳಗೆ, ಟಕ್ ಎಂದು ಇನ್ನೊಂದು. ಬಾಗಿಲು ಸದ್ದಾಯಿತು. ಕೋಲು ಸ್ಟ್ಯಾಂಡಿಗೆ ಹೋಯಿತು, ಅಪ್ಪನ ಕೋಲು ಕೈಗೆ ಬಂತು, ಚೆಂಡು ಎಡಗಡೆಗೆ ಹೋಯಿತು. ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡಳು. ನಾನು ಕಿಟಕಿಯ ಆಚೆಯ ಮರ ನೋಡಿದೆ. ಅಡ್ಯಾರಿನಲ್ಲಿ ಅದೊಂದು ಅನುಕೂಲ, ನೋಡಲು ಮರಗಳಿವೆ.

ಸಂಜೆ ಪುರಸೈವಾಕ್ಕಂನ ನಮ್ಮ ಮನೆಗೆ ಬಂದು, ರಾಘು ಸ್ನಾನಕ್ಕೆ ಹೋದಮೇಲೆ, ನಾನು ಹುಡುಗಿಯನ್ನು ಹಿಡಿದುಕೊಂಡೆ.

"ಅಪ್ಪಂಗೆ ಹೇಳೇ, ಕೋಲು ಸೊಟ್ಟಗಿದೆ ಅಂತ."

"ಚೊಲ್ಲಾದೆ ಅಜ್ಜಿ, ಪ್ಲೀಸ್, ಹೇಳಬೇಡ. ತಾತ ಕೊಟ್ಟಿದ್ದು ಅಂತ ಅಪ್ಪ ಅದನ್ನ ಎಷ್ಟು... ಪಾವಂ, ಪಾಪ ಅಲ್ವಾ?"

"ಮತ್ತೆ ಏನ್ ಮಾಡ್ತೀಯ?"

"ಆಟ ಬಿಟ್ಬಿಡ್ತೀನಿ. ಅಡುತ್ತ ವಾರ, ಮುಂದಿನ ವಾರ, ಕಾಲೇಜ್ ಟೀಮಿಗೆ ಸೆಲೆಕ್ಷನ್ ಇದೆ. ಹೆಸರು ಕೊಡಲ್ಲ. ಓದೋದಿದೆ ಅಂತ ಹೇಳಿದ್ರೆ ಅಪ್ಪ ನಂಬ್ತಾರೆ."

ನೋಡಿ, ಅಪ್ಪನ ಮನಸ್ಸು ನೋಯಬಾರದು ಎಂದು ಮಗಳು ತನಗೆ ಬರುವ ಆಟವನ್ನೇ ಬಿಡುತ್ತಾಳಂತೆ. ಇದನ್ನು ಪ್ರೀತಿ ಎನ್ನುವವರು ಎನ್ನಲಿ. ನಾನು ದಡ್ಡತನ ಎನ್ನುತ್ತೇನೆ. ಅಷ್ಟರಲ್ಲಿ ಮಾಲತಿ ಬಂದು, ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದು ಇನ್ನೂ ಇದೆ ಎಂದು ಖಚಿತಮಾಡಿಕೊಂಡು, ಗುಟ್ಟಾಗಿ ಹೇಳಿದಳು: ಹೊಸ ಕೋಲು ಆಗಲೇ ಮನೆಯಲ್ಲಿದೆ. ಹುಡುಗಿಯ ಹುಟ್ಟುಹಬ್ಬಕ್ಕೆ ಎಂದು ಕೊಂಡದ್ದು, ಕೊಡುವ ಧೈರ್ಯ ಬಾರದೆ ಬೀರುವಿನ ಮೇಲೆ ಸೂಟ್‌ಕೇಸುಗಳ ಹಿಂದೆ ಮಲಗಿಸಿದ್ದಾಳೆ.

"ಸೊಟ್ಟಗಿರೋದನ್ನ ಎಸೆದು ಹೊಸದು ಕೊಡೋಕೆ ಇಷ್ಟು ನಾಟಕ ಯಾಕೆ?" ಎಂದೆ.

ಮಾಲತಿಗೆ ಸುಮ್ಮನಿರಲಾಗಲಿಲ್ಲ. "ಅತ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಡಿಕೋಲು ಸೀಳಿ ಎಷ್ಟು ಕಾಲ ಆಯ್ತು? ಎಷ್ಟು ಸೀರೆ ಹರೀತು? ಎಸೆದ್ರಾ ನೀವು?"

ಹೇಳಬಾರದಿತ್ತು, ಆದರೆ ನಿಜ. ನಮ್ಮದು ಎತ್ತರದ ಸೂರಿನ ಹಳೆಯ ಮನೆ. ಸೂರಿನಡಿ ಅಡ್ಡಕ್ಕೆ ಬಿದಿರಿನ ಗಳ ತೂಗುಹಾಕಿದೆ. ಸ್ನಾನ ಮಾಡಿ, ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಆ ಗಳದ ಮೇಲೆ ಹರವಬೇಕು. ಯಾರ ಕೈಗೂ ಎಟುಕಬಾರದು, ಮೈ ತಾಗಬಾರದು. ಮಾರನೆಯ ದಿನ ಉಟ್ಟು ಅಡುಗೆಗೆ ನಿಲ್ಲಲು ಅದೇ ಮಡಿ. ಎತ್ತುವ ಕೋಲೂ ಮಡಿಯೇ, ಸ್ನಾನ ಮಾಡದವರು ಮುಟ್ಟುವಹಾಗಿಲ್ಲ. ಈಗ ನನ್ನ ಮಡಿ ಏನೂ ಮೊದಲಿನಂತಿಲ್ಲ. ವಾಷಿಂಗ್ ಮೆಷಿನ್ನಿಗೆ ಮಿಕ್ಕಿದ್ದೆಲ್ಲ ಹಾಕಿ ಒಂದೇ ಒಂದು ಸೀರೆಗೆ ಇಳಿದಿದೆ. ಆ ಒಂದನ್ನು ಬಿಟ್ಟರೆ ಬೆಳಿಗ್ಗೆ ಏನು ಮಾಡಬೇಕೆಂದೇ ತೋಚುವುದಿಲ್ಲ, ಅದಕ್ಕೇ ಬಿಟ್ಟಿಲ್ಲ. ಕೋಲು ನನ್ನ ಅತ್ತೆಯ ಕಾಲದ್ದು. ತುದಿ ಸೀಳಿ ಸೀರೆಗೆ ಸಿಕ್ಕಿಕೊಳ್ಳುತ್ತದೆ. ಅತ್ತೆಯ ನೆನಪಿಗೆ ಇಟ್ಟುಕೊಂಡಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅತ್ತೆಯನ್ನು ನೆನೆಯಲು ನನಗೆ ಕೋಲು ಬೇಡ, ಬಿಸಿ ಸಾರಿಗೆ ಉಪ್ಪು ಹಾಕುವಾಗೆಲ್ಲ ಅವರ ದನಿ ಕೇಳುತ್ತದೆ. ಸೀಳು ತಾಗದ ಹಾಗೆ ಎತ್ತುವುದು ಕೈಗೆ ರೂಢಿಯಾಗಿತ್ತು, ಅಷ್ಟೇ.

ರಾತ್ರಿಯ ದೋಸೆ ಹುಯ್ಯುತ್ತಾ ಆ ರೂಢಿಯ ವಿಷಯವೇ ಯೋಚಿಸಿದೆ. ನನ್ನ ಕಾವಲಿ ಒಂದು ಕಡೆ ತಗ್ಗಿದೆ. ಹಿಟ್ಟು ಅತ್ತ ಓಡದ ಹಾಗೆ ನನ್ನ ಕೈ ತಾನಾಗಿಯೇ ಇತ್ತ ತಿರುಗಿಸುತ್ತದೆ. ದೋಸೆ ದುಂಡಗೇ ಬರುತ್ತದೆ. ಆದರೆ ಮಾಲತಿಯ ತವರಿಗೆ ಹೋದಾಗ ಅವರ ಸಮನಾದ ಕಾವಲಿಯ ಮೇಲೆ ನಾನು ಹುಯ್ದ ಸೊಟ್ಟ ದೋಸೆ ನೋಡಿ ಬೀಗಿತ್ತಿ ಬಾಯಿಗೆ ಸೆರಗು ಅಡ್ಡಹಿಡಿದರು. ಹಳೆಯ ಸಾಮಾನು ಕೆಟ್ಟಿದೆಯೇ ಇಲ್ಲವೇ ಎಂದು ನಾವು ನೋಡುತ್ತೇವೆ. ಅದರ ಜೊತೆ ಇದ್ದು ನಮ್ಮ ಕೈ ಏನು ಕಲಿತಿದೆ ಎಂದು ನೋಡುವುದಿಲ್ಲ. ಮುದುಕಿಯ ಕೈ ಸೊಟ್ಟ ಕಲಿತರೆ ಕಲಿಯಲಿ. ಮನೆ ಬಿಟ್ಟು ಹೋಗಿ ಆಡಬೇಕಾದ ಹುಡುಗಿಯ ಕೈ ಕಲಿಯಬಾರದು.

ಎಸೆ ಎಂದರೆ ರಾಘು ಎಸೆಯುವುದಿಲ್ಲ. ಸೊಟ್ಟಗಿದೆ ಎಂದರೆ ನೊಂದುಕೊಳ್ಳುತ್ತಾನೆ. ಅವನಪ್ಪ ತಂದ ಕಥೆ ಹೇಳಿದರೆ ಕೆಲಸ ಆಗುತ್ತದೆ, ಆದರೆ ಅದು ಕೊಡಲಿಯಿಂದ ನಿಂಬೆಹಣ್ಣು ಕತ್ತರಿಸಿದಹಾಗೆ. ಹೆಚ್ಚು ಯೋಚಿಸಲು ಮೊಣಕಾಲು ಬಿಡಲಿಲ್ಲ. ಮಲಗಿದೆ.

ಮಾರನೆಯ ಬೆಳಿಗ್ಗೆ ಎದ್ದು ಮೊದಲು ಈಳಿಗೆಮಣೆ ಹಾಕಿಕೊಂಡು ಕೂತು, ರಾಘುವಿನ ಕೋಲಿನ ತುದಿಯ ಚರ್ಮವನ್ನು ಕೆತ್ತಿ ತೆಗೆದೆ. ಚರ್ಮದ ಚೂರು ಕಸದ ಬುಟ್ಟಿಗೆ ಹೋಯಿತು. ಈಳಿಗೆಮಣೆಗೂ ಕೋಲಿಗೂ ನನಗೂ ಸ್ನಾನ ಆಯಿತು. ಅತ್ತೆಯ ಬಿದಿರುಕೋಲನ್ನು ಮಹಡಿಯ ಹಾಗಲಬಳ್ಳಿಗೆ ಆಸರೆಯಾಗಿ ನೆಟ್ಟು ಬಂದೆ. ಆಮೇಲೆ ಹಿಂಡಿದ ಸೀರೆಯನ್ನು ಮಗನ ಕೋಲಿನ ತುದಿಗೆ ಏರಿಸಿ ಗಳದ ಕಡೆ ಎತ್ತಿದೆ.

"ಅಮ್ಮಾ! ಅದು ನನ್ನ ಕ್ಯೂ!"

ಕಾಫಿ ಲೋಟ ಹಿಡಿದುಕೊಂಡು ರಾಘು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮಾಲತಿ, ಅವಳ ಹಿಂದೆ ಸಿಂಧು.

"ಹತ್ತಿರ ಬರಬೇಡ್ವೋ. ಸ್ನಾನ ಆಗಿಲ್ಲ ನಿಂಗೆ. ಇದು ಇನ್ಮೇಲೆ ಮಡಿಕೋಲು" ಎಂದೆ.

ಅವನು ಒಂದು ಹೆಜ್ಜೆ ಮುಂದೆ ಇಟ್ಟು ಅಲ್ಲೇ ನಿಂತ. ಚಿಕ್ಕಂದಿನಲ್ಲಿ ಮಡಿ ಎಂದರೆ ನಿಲ್ಲುತ್ತಿದ್ದವನು, ಈಗಲೂ ಕಾಲು ತಾನಾಗಿಯೇ ನಿಂತಿತು. ಕೋಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀರೆ ಗಳದಿಂದ ಎಡಕ್ಕೆ ಜಾರಿ ನನ್ನ ತಲೆಯ ಮೇಲೆ ಬಿತ್ತು. ಎರಡನೆಯ ಸಲ ಎತ್ತಿದೆ, ಮತ್ತೆ ಎಡಕ್ಕೆ ಹೋಯಿತು. ಅವನು ಕಾಫಿ ಲೋಟ ಕೆಳಗಿಟ್ಟ.

"ಅಮ್ಮ, ನಕ್ಷತ್ರ ಮೇಲಕ್ಕೆ ಬರೋ ಹಾಗೆ ಹಿಡಿ" ಎಂದ, ಮೆಲ್ಲಗೆ. "ಹಿಡಿದು ಸ್ವಲ್ಪ ಬಲಕ್ಕೆ ತಳ್ಳು. ಅದು ಎಡಕ್ಕೆ ಎಳೆಯುತ್ತೆ. ಕಾಲೇಜಿನ ಕೊನೇ ವರ್ಷದಿಂದ್ಲೇ ಎಳೆಯುತ್ತೆ."

ಒಳಗೆ ಮಾಲತಿ ಸ್ಟೂಲು ಎಳೆಯುವ ಸದ್ದು, ಬೀರುವಿನ ಮೇಲಿಂದ ಸೂಟ್‌ಕೇಸು ಸರಿಸುವ ಸದ್ದು ಕೇಳಿತು. ನಾನು ಹಿಂತಿರುಗಿ ನೋಡಲಿಲ್ಲ. ನಕ್ಷತ್ರ ಮೇಲೆ ಮಾಡಿಕೊಂಡು, ಸ್ವಲ್ಪ ಬಲಕ್ಕೆ ತಳ್ಳಿದೆ. ಸೀರೆ ಹೋಗಿ ಗಳದ ಮೇಲೆ ನೆಟ್ಟಗೆ ಕೂತಿತು.