ಕುಡುಕನ ಮಗನಿಗೆ ಪಾಠ ಯಾಕೆ?

ಆ ಮೇಷ್ಟ್ರನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ತ್ಯಾವಣಿಗೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯವರಿಗೆ ಶನಿವಾರ ಶನಿವಾರ ಕುಡಿತ, ಗುಟ್ಕಾದಿಂದ ದೂರ ಇರುವ ಪಾಠ ನಡೆಯುತ್ತದೆ. ನಾನೂ ಅಲ್ಲಿ ಕೂತವಳೇ. ಕಳೆದ ವರ್ಷ ತಮ್ಮ ಒಂಬತ್ತಕ್ಕೆ ಬಂದ. ಹೊಸ ಮೇಷ್ಟ್ರು ಆ ಪಾಠಕ್ಕೆ ಮೂವತ್ತು ಮಕ್ಕಳ ಪಟ್ಟಿ ಮಾಡಿ ಅವನನ್ನು ಕೈಬಿಟ್ಟರು. ಚನ್ನಗಿರಿಯ ಕಾಲೇಜಿನಿಂದ ನೇರ ಕೇಳಲು ಹೋದೆ.

"ನಿಮ್ಮಪ್ಪ ಕುಡೀತಾನಲ್ಲಮ್ಮ. ರಕ್ತದಾಗೇ ಐತೆ ಅದು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ. ಸುಧಾರಿಸೋ ಮಕ್ಕಳಿಗೆ ಜಾಗ ಕೊಡಬೇಕು."

ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ.

"ಅದೇ ರಕ್ತ ನನ್ನಾಗೂ ಐತಲ್ಲ ಸರ್?" ಎಂದೆ.

"ನೀನು ಹುಡುಗಿ, ಬಿಡಮ್ಮ."

ಇದೊಂದು ವಾದವೇ? ರಕ್ತದಲ್ಲಿ ಒಂದಿಷ್ಟು ಬರುತ್ತದೆ, ಒಪ್ಪಿದೆ. ಹಾಗಿದ್ದರೆ ಬೇಗ ಜಾರುವ ಮಗುವಿಗೇ ಪಾಠ ಮೊದಲು ಸಿಗಬೇಕಲ್ಲವೇ? ಗಾಳಿ ಎತ್ತಲಿಂದ ಬೀಸಿದರೂ ತಾಗುವ ಮಗುವಿಗೆ ಒಳ್ಳೆಯ ಗಾಳಿಯೂ ತಾಗುತ್ತದೆ. ಅಪ್ಪನ ಬಾಟಲಿಯನ್ನು ಮೂಸಿ ನೋಡಿದ್ದ ನನ್ನನ್ನು ತಡೆದದ್ದು ಆ ಶನಿವಾರಗಳೇ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಆ ಪಾಠಗಳ ಉದ್ಘಾಟನೆಯ ಸಭೆಗೆ ಇಟ್ಟುಕೊಂಡೆ.

ಉದ್ಘಾಟನೆಗೆ ಹಳೆಯ ವಿದ್ಯಾರ್ಥಿನಿ, ಚರ್ಚಾಸ್ಪರ್ಧೆ ಗೆದ್ದವಳು ಎಂದು ನನ್ನನ್ನೂ ಕರೆದಿದ್ದರು. ನಮ್ಮಲ್ಲಿ ಎಲೆಅಡಿಕೆ ತಟ್ಟೆ ಇಡದಿದ್ದರೆ ಅತಿಥಿಗಳಿಗೆ ಅವಮರ್ಯಾದೆ. ವ್ಯಸನಮುಕ್ತಿಯ ಸಭೆಗೂ ತಟ್ಟೆ ಬಂತು, ಜೊತೆಗೆ ಹೊಗೆಸೊಪ್ಪೂ ಬಂತು. ಮೇಷ್ಟ್ರು ಒಂದು ಎಸಳು ದವಡೆಗೆ ಒತ್ತಿಕೊಳ್ಳುವವರೆಗೆ ಕಾದು ಮೈಕ್ ಹಿಡಿದೆ.

"ಸರ್, ನಿಮ್ಮ ತಂದೆಯವರೂ ಹೊಗೆಸೊಪ್ಪು ಹಾಕ್ತಿದ್ರಾ?"

ಬಾಯಿ ತುಂಬಿತ್ತು. ಹೌದೆಂದು ತಲೆಯಾಡಿಸಿದರು.

"ನಿಮ್ಮಜ್ಜ?"

ಮತ್ತೆ ಹೌದು.

"ಹಂಗಾರೆ ನಿಮಗೂ ಹೇಳಿ ಪ್ರಯೋಜನ ಇಲ್ಲ ಬಿಡ್ರಿ. ರಕ್ತದಾಗೇ ಐತೆ. ನನ್ನ ತಮ್ಮನ ಜೊತೆ ನಿಮ್ಮನ್ನೂ ಹೊರಗೆ ನಿಲ್ಲಿಸಬೇಕು."

ಹಿಂದಿನಿಂದ ಯಾರದೋ ಅಜ್ಜಿ, "ಉಗುಳಾಕಾರೂ ಬಿಡೇ ತಾಯಿ, ಪಾಪ!" ಎಂದಳು. ಸಭೆಯೆಲ್ಲ ನಕ್ಕಿತು. ಮೇಷ್ಟ್ರು ಕಿಟಕಿಗೆ ಓಡಿದರು. ಆ ನಗು ನನಗೆ ರುಚಿಸಲಿಲ್ಲ ಎಂದರೆ ಸುಳ್ಳಾದೀತು.

ಮರುದಿನ ಪಟ್ಟಿಗೆ ತಮ್ಮನ ಹೆಸರು ಸೇರಿತು. ಮೊದಲ ಪಾಠ ಮುಗಿಸಿ ಬಂದವನನ್ನು ಕೇಳಿದೆ.

"ಗೆಳೆಯರು ಗುಟ್ಕಾ ಕೊಟ್ರೆ ಹೆಂಗೆ ಬ್ಯಾಡ ಅನ್ನಬೇಕು ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸಿದ್ರಕ್ಕ."

"ನೀನು ಹೇಳಿದ್ಯಾ?"

"ನನ್ನ ಕರೀಲೇ ಇಲ್ಲ."

ಮುಂದಿನ ಶನಿವಾರ ಕಾಲೇಜು ಬಿಟ್ಟು ಆ ತರಗತಿಯ ಬಾಗಿಲಲ್ಲಿ ಕೈಕಟ್ಟಿ ನಿಂತೆ. ಮೇಷ್ಟ್ರು ನನ್ನನ್ನು ನೋಡಿದರು, ಪುಸ್ತಕ ನೋಡಿದರು, ಕೊನೆಗೆ ತಮ್ಮನನ್ನು ಎಬ್ಬಿಸಿದರು.

"ಬ್ಯಾಡ," ಎಂದ ಅವನು. ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳೋ," ಎಂದೆ ಬಾಗಿಲಿನಿಂದ.

ಈ ಸಲ ಮೇಷ್ಟ್ರ ಮುಖವನ್ನೇ ನೋಡಿಕೊಂಡು ಹೇಳಿದ.