ಯಡ್ತರೆಯ ಅವಿವಾಹಿತ

ಗಂಗೊಳ್ಳಿಯ ಚಂದ್ರಮತಿ ಸಿಟ್ಟು ಬಂದಾಗ ಕೂಗುವವಳಲ್ಲ. ಒಣಮೀನಿನ ವ್ಯಾಪಾರದವಳು, ಯಾವುದನ್ನು ಎಷ್ಟು ಬಿಸಿಲಿಗೆ ಹಾಕಬೇಕು, ಯಾವಾಗ ಮಗುಚಬೇಕು ಎಂಬುದು ಅವಳಿಗೆ ಗೊತ್ತು. ಬಂದರಿನ ಪಕ್ಕ ತಾಯಿಮನೆಯ ಅಂಗಳದಲ್ಲಿ ಹಳೇ ಬಲೆ ಹಾಸಿ ಚಟ್ಲಿ, ಅಂದರೆ ಸಿಗಡಿ, ಒಣಗಿಸುತ್ತಾಳೆ, ವಾರಕ್ಕೊಮ್ಮೆ ಕುಂದಾಪುರದ ಸಂತೆಯಲ್ಲಿ ಕೂರುತ್ತಾಳೆ. ನಲವತ್ತು ತುಂಬಲು ಎರಡು ವರ್ಷ ಬಾಕಿ. ಗಂಡನ ವಿಷಯ ಕೇಳಿದವರಿಗೆ, "ಬಹರೇನಂಗೆ ಇದ್ದ" ಎಂದು ಹೇಳಿ ತಕ್ಕಡಿ ಎತ್ತುತ್ತಾಳೆ.

ಗಂಡ ಯಡ್ತರೆಯ ರಾಜೀವ. ಹದಿಮೂರು ವರ್ಷದ ಹಿಂದೆ ಬೈಂದೂರಿನ ಹಾಲ್ ಒಂದರಲ್ಲಿ ಮದುವೆ. ಐದನೇ ತಿಂಗಳಿಗೆ ಅವನು ಬಹರೇನಿನ ಹೋಟೆಲಿಗೆ ಹೋದ. ಮೂರು ಸಲ ಬಂದ. ಆಮೇಲೆ ಎಂಟು ವರ್ಷ ಬರಲಿಲ್ಲ, ಅವಳಿಗೆ ಬರುತ್ತಿದ್ದ ಫೋನೂ ನಿಂತಿತು. ಅತ್ತೆ ಹಾಸಿಗೆ ಹಿಡಿದ ಎರಡು ವರ್ಷ ಅವರ ಮೈ ತೊಳೆದು ಉಣ್ಣಿಸಿದವಳು ಚಂದ್ರಮತಿ. ಅತ್ತೆ ತೀರಿಕೊಂಡು ತಿಥಿ ಮುಗಿದ ಮೇಲೆ ಆ ಮನೆಯಲ್ಲಿ ತನಗೇನು ಕೆಲಸ ಎಂದು ಹೊರಟಳು. ತಂದದ್ದು ಎರಡೇ: ಹೊಲಿಗೆ ಮಿಷನ್ ಮತ್ತು ಮದುವೆಯ ಆಲ್ಬಮ್. ಆಲ್ಬಮ್ ತಂದದ್ದು ಪ್ರೀತಿಯಿಂದಲ್ಲ. ಫೋಟೊ ತೆಗೆಯುವವನನ್ನು ಗೊತ್ತುಮಾಡಿ ದುಡ್ಡು ಕೊಟ್ಟದ್ದು ಅವಳ ತಾಯಿ ವನಜ. ಹಾಗಾಗಿ ಅದು ತಮ್ಮ ಸ್ವತ್ತು ಎಂಬ ವಾದ.

ಬಿಡುಗಡೆಯನ್ನು ಮೊದಲು ಕೇಳಿದವಳೂ ಅವಳೇ. ಎರಡು ವರ್ಷದ ಹಿಂದೆ ಯಡ್ತರೆಗೆ ಹೋಗಿ ಮೈದುನ ಪ್ರೇಮಾನಂದನಿಗೆ ಹೇಳಿದಳು. ಅವನು ಜಗಲಿಯ ಮೇಲೆ ಕೂತು ಅಣ್ಣನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ. ನೆರೆಮನೆಯ ಕುಷ್ಟ, ಆಚೆ ಮನೆಯ ಪದ್ದು ಅಲ್ಲೇ ಎಲೆಅಡಿಕೆ ಹಾಕುತ್ತ ಕೂತಿದ್ದರು. ಬಹರೇನಿನಿಂದ ರಾಜೀವನ ದನಿ ಬಂತು:

"ಡೈವೋರ್ಸಾ? ಎಂತ ಮದಿ ಮಾರಾಯ್ತಿ? ರಿಜಿಸ್ಟ್ರೇ ಆಯ್ಲ. ಆಗ್ದಿದ್ ಮದಿಗೆ ಡೈವೋರ್ಸ್ ಎಲ್ಲಿಂದ ತಪ್ಪುದ್?"

ಕುಷ್ಟ ಹೊಟ್ಟೆ ಕುಲುಕಿಸಿ ನಕ್ಕ. ಪದ್ದು ತುಳಸಿಕಟ್ಟೆಯ ಕಡೆ ಮುಖ ತಿರುಗಿಸಿದಳು. ಚಂದ್ರಮತಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಬಂದಳು. ಆ ನಗುವನ್ನು ಅವಳು ಮರೆಯಲಿಲ್ಲ. ಮರೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಕಳೆದ ನವರಾತ್ರಿ ಮುಗಿದ ವಾರ ನಾಗು ಬಂದಳು. ನಾಗು ಗಂಗೊಳ್ಳಿಯಲ್ಲಿ ಮೀನು ಕೊಂಡು ಯಡ್ತರೆ ಕಡೆ ಮನೆಮನೆಗೆ ಮಾರುವ ಹೆಂಗಸು. ಅವಳ ಬುಟ್ಟಿ ಖಾಲಿಯಾದಷ್ಟೂ ಸುದ್ದಿ ತುಂಬಿರುತ್ತದೆ.

"ಹ್ವಾಯ್ ಚಂದ್ರಾ, ನಿನ್ನ ಗಂಡಂಗೆ ಮದಿಯೇ ಆಯ್ಲಂಬ್ರಲೆ!"

"ಯಾರ್ ಹೇಳ್ದ್ರ್?"

"ಐದ್ ಜನ ಹೇಳಿ ಸೈನ್ ಹಾಕಿದ್ರ್. ಗ್ರಾಮ ಲೆಕ್ಕಿಗ್ರ್ ಜಗ್ಲಿ ಮೇಲೆ ಕೂಕಂಡ್ ಮಹಜರ್ ಬರ್ದ್ರ್. ಕುಷ್ಟಣ್ಣಂದೇ ಮೊದ್ಲ್ ಸೈನ್. ಪದ್ದಕ್ಕ ನನ್ಹತ್ರ ಬೈಗೆ ಮೀನ್ ತಕಣ್ತಾ ಇತ್ತಾ, ಮೀನ್ ಕೈಯ್ಯನ್ನೇ ಸೀರಿಗೆ ಒರ್ಸ್ಕಂಡ್ ಹೋಯಿ ಸೈನ್ ಹಾಕಿ ಬಂತ್."

ವಿಷಯ ಇಷ್ಟು. ರಾಜೀವ ತನ್ನ ಹೋಟೆಲಿನಲ್ಲೇ ಕೆಲಸಕ್ಕಿರುವ ಫಿಲಿಪೈನ್ಸಿನ ಹೆಂಗಸೊಬ್ಬಳನ್ನು ಅಲ್ಲಿಯೇ ಮದುವೆಯಾಗುವವನಿದ್ದ. ಅವಳ ಕೆಲಸದ ವೀಸಾ ಮುಗಿಯಲು ನಾಲ್ಕು ತಿಂಗಳು. ಅಷ್ಟರೊಳಗೆ ಮದುವೆಯಾದರೆ ಅವನ ಹೆಂಡತಿಯಾಗಿ ಉಳಿಯಬಹುದು, ಇಲ್ಲವಾದರೆ ಅವಳ ಊರಿಗೆ ವಾಪಸು. ಅವಳಿಗೆ ಅವನು ತನಗೆ ಮದುವೆಯೇ ಆಗಿಲ್ಲ ಎಂದು ಹೇಳಿದ್ದ. ಮಾತು ಸಾಲದು, ಊರಿನಿಂದ ಅವಿವಾಹಿತನೆಂಬ ದೃಢೀಕರಣ ಪತ್ರ ಬೇಕು; ಅದಕ್ಕೆ ಬೆಂಗಳೂರಿನದೊಂದು ಮೊಹರು, ದೆಹಲಿಯದೊಂದು, ಕೊನೆಗೆ ಆ ದೇಶದ್ದೊಂದು. ಪ್ರೇಮಾನಂದ ಅಣ್ಣನ ಪರವಾಗಿ ಅರ್ಜಿ ಕೊಟ್ಟಿದ್ದ. ಮಹಜರು ಮೊದಲ ಮೆಟ್ಟಿಲು.

ವನಜ ಮಗಳಿಗೆ ಹೇಳಿದಳು: "ಹೋಯ್ಲಿ ಬಿಡ್ ಮಗಾ. ಅವ ನಿಂಗ್ ಬ್ಯಾಡ ಅಲ್ದಾ?"

"ಅವ ಬ್ಯಾಡ. ಅವಂಗೆ ಆ ಕಾಗ್ದ ಸಿಕ್ಕುಕಾಗ."

"ಆ ಹೆಣ್ಣ್ ನಿಂಗ್ ಎಂತ ಮಾಡಿತ್ತ್?"

"ಎಂತದೂ ಮಾಡ್ಲಿಲ್ಲ. ನಾನೂ ಯಾರಿಗೂ ಎಂತದೂ ಮಾಡ್ಲಿಲ್ಲ ಆಗಿತ್ತ್."

ಮರುದಿನ ಅವಳು ಆಲ್ಬಮನ್ನು ಸಂತೆಯ ಚೀಲಕ್ಕೆ ಹಾಕಿಕೊಂಡು ಬೈಂದೂರಿನ ತಾಲೂಕು ಕಚೇರಿಗೆ ಹೋಗಿ ಆಕ್ಷೇಪಣೆ ಬರೆದುಕೊಟ್ಟಳು. ಗುಮಾಸ್ತರು ಓದಿ ಕೇಳಿದರು: "ಮದುವೆ ನೋಂದಣಿ ಪತ್ರ ಇತ್ತಾ ಅಮ್ಮ?"

"ಇಲ್ಲ ಸಾರ್. ಊಟದ ಫೋಟೊ ಇತ್ತ್."

ಗುಮಾಸ್ತರು ನಗಲಿಲ್ಲ, ಅವರೂ ಈ ಕಡೆಯವರೇ. ಇಲ್ಲಿನ ಮದುವೆಗಳಲ್ಲಿ ಫೋಟೊದವನು ತಾಳಿ ಕಟ್ಟುವುದನ್ನಾದರೂ ತಪ್ಪಿಸಿಯಾನು, ಊಟದ ಪಂಕ್ತಿಯನ್ನು ತಪ್ಪಿಸುವುದಿಲ್ಲ. ಮದುಮಕ್ಕಳು ಹಾರ ಹಾಕಿಕೊಂಡೇ ಎಲೆಗಳ ಸಾಲಿನ ನಡುವೆ ನಡೆದು "ಸಾವ್ಕಾಶ್ ಉಣ್ಣಿ" ಎನ್ನುತ್ತ ಹೋಗಬೇಕು, ಅವನು ಹಿಂದಿನಿಂದ ಬರಬೇಕು. ತುತ್ತು ಬಾಯಲ್ಲಿರುವಾಗಲೇ ಬೆಳಕು ಬೀಳುತ್ತದೆ. ಎಲ್ಲರೂ ಬೈಯುತ್ತಾರೆ, ಆಲ್ಬಮ್ ಬಂದಾಗ ಎಲ್ಲರೂ ತಮ್ಮ ಮುಖವನ್ನೇ ಹುಡುಕುತ್ತಾರೆ.

ತಹಶೀಲ್ದಾರರು ಐವರನ್ನೂ ವಿಚಾರಣೆಗೆ ಕರೆಸಿದರು. ಪ್ರೇಮಾನಂದ ಬಂದು, ಅತ್ತಿಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಆಲ್ಬಮ್ ಮೇಜಿನ ಮೇಲೆ ತೆರೆದಿತ್ತು. ಹಾರ ಹಾಕಿಕೊಂಡ ರಾಜೀವ. ಪಕ್ಕದಲ್ಲಿ ಬಾಸಿಂಗ ಕಟ್ಟಿದ ಚಂದ್ರಮತಿ. ಎದುರಿನ ಎಲೆಯಲ್ಲಿ ಕೆನ್ನೆ ಉಬ್ಬಿಸಿಕೊಂಡ ಕುಷ್ಟ.

"ಇದು ಯಾರು?" ಎಂದರು ತಹಶೀಲ್ದಾರರು.

"ನಾನೇ ಹೌದ್ ಸಾರ್," ಎಂದ ಕುಷ್ಟ. "ಆದ್ರೆ ಯಾರ್ ಮದಿ ಅಂದೇಳಿ ನೆನ್ಪಿಲ್ಲ. ವರ್ಷಕ್ ನಲ್ವತ್ ಮದಿ ಉಂಬುದ್."

ಬಾಗಿಲ ಹತ್ತಿರ ನಿಂತಿದ್ದ ಚಂದ್ರಮತಿ ಮಾತಾಡಿದಳು. "ಹ್ವಾಯ್ ಕುಷ್ಟಣ್ಣ, ಹೋಳ್ಗಿ ಮೂರ್ ಸರ್ತಿ ಹಾಕ್ಸ್ಕಂಡ್ರಿ. 'ಹೆಣ್ಣಿನ್ ಕಡೆಯರ್ ಕೈ ಬಿಗಿ' ಅಂದೇಳಿ ಬೈದದ್ದೂ ನೀವೇ. ಅದಾರೂ ನೆನ್ಪಿತ್ತಾ?"

"ಎರಡೇ ಸರ್ತಿ ಹಾಕಿದ್ದ್!" ಎಂದುಬಿಟ್ಟ ಕುಷ್ಟ.

ಗುಮಾಸ್ತರು ಅದನ್ನು ಹಾಗೆಯೇ ಬರೆದುಕೊಂಡರು.

ಪದ್ದುವಿನ ಸರದಿ ಬಂದಾಗ ಪುಟ ತಿರುಗಿಸುವ ಅಗತ್ಯವೇ ಬೀಳಲಿಲ್ಲ. "ಪ್ರೇಮಾನಂದ ಸೈನ್ ಹಾಕ್ ಅಂದ, ಹಾಕ್ದೆ. ಮದಿ ಆದ್ದ್ ಹೌದ್ ಸಾರ್. ದಿಬ್ಬಣ ಇಳ್ಸುಕೆ ನಾನೇ ಆರ್ತಿ ಹಿಡ್ಕಂಡ್ ನಿಂತದ್ದ್" ಎಂದು ಅತ್ತಳು. ಆ ಅಳುವಿನಿಂದ ಚಂದ್ರಮತಿಯ ಮನಸ್ಸು ಕರಗಲಿಲ್ಲ. ಇನ್ನಿಬ್ಬರು ಫೋಟೊ ನೋಡಿ ತಲೆತಗ್ಗಿಸಿದರು. ಐದನೆಯವನು ಮಾತ್ರ ಆ ಕಾಲಕ್ಕೆ ಮುಂಬೈಯಲ್ಲಿದ್ದನಂತೆ; ಅವನು ಪಾರಾದ.

ವಾರದೊಳಗೆ ಹಿಂಬರಹ ಬಂತು: ಅರ್ಜಿದಾರರು ವಿವಾಹಿತರೆಂದು ವಿಚಾರಣೆಯಿಂದ ಕಂಡುಬಂದಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಚಂದ್ರಮತಿ ದೃಢೀಕೃತ ನಕಲು ಪಡೆದು, ಕುಂದಾಪುರದಲ್ಲಿ ಲ್ಯಾಮಿನೇಷನ್ ಮಾಡಿಸಿ, ಆಲ್ಬಮಿನ ಮೊದಲ ಪುಟದಲ್ಲಿಟ್ಟಳು.

ಹದಿನೈದನೇ ದಿನ ರಾಜೀವನೇ ವಿಮಾನ ಹತ್ತಿ ಬಂದ. ಬೈಗೆ ಮೀನಿನ ಸಾರು ಉಂಡು ಬೆಳೆದವನು, ಗಂಗೊಳ್ಳಿಯ ಅಂಗಳದಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತ. ಚಂದ್ರಮತಿ ಚಟ್ಲಿ ಮಗುಚುತ್ತಿದ್ದಳು. ಕೂರಲು ಹೇಳಲಿಲ್ಲ.

"ಚಂದ್ರಾ, ಇಬ್ರೂ ಒಪ್ಪಿ ಬೇಗ್ ಮುಗ್ಸುವ."

"ಎಂತದ್ನ ಮುಗ್ಸುದ್? ಆಗ್ದಿದ್ ಮದಿನಾ?"

ಅವಳು ಒಂದು ಸಾಲು ಪೂರ್ತಿ ಮಗುಚಿ ಮುಗಿಸಿ ತಲೆಯೆತ್ತಿದಳು. "ಸೈನ್ ಹಾಕ್ತೆ. ಆದ್ರೆ ಡೈವೋರ್ಸ್ ಅರ್ಜಿನ ನೀವ್ ಯಡ್ತರೆ ಜಗ್ಲಿ ಮೇಲೆ ಕೂಕಂಡ್ ಓದ್ಕ್. ಅವತ್ತ್ ಇದ್ದರೆಲ್ಲ ಇರ್ಕ್."

ವಕೀಲರ ಕೈಲಿ ಅರ್ಜಿ ಬರೆಸಿ ತಂದು ಓದಿದ. ಕುಷ್ಟ, ಪದ್ದು, ಪ್ರೇಮಾನಂದ ಜಗಲಿಯಲ್ಲಿ ಕೂತಿದ್ದರು. ಎಲೆಅಡಿಕೆಯ ತಟ್ಟೆಗೆ ಯಾರೂ ಕೈ ಹಾಕಲಿಲ್ಲ. ಒಪ್ಪಿಗೆಯ ವಿಚ್ಛೇದನವೇ ಆದರೂ ಅರ್ಜಿಯ ಮೊದಲ ಪ್ಯಾರಾದಲ್ಲಿ ಮದುವೆಯಾದದ್ದನ್ನು ಹೇಳಲೇಬೇಕು. ಯಾವ ದಿನ, ಯಾವ ಹಾಲ್, ಯಾರ ಜೊತೆ. ರಾಜೀವನ ದನಿ ಸಣ್ಣದಾಯಿತು.

"ಕೇಂತಿಲ್ಲ," ಎಂದಳು ಚಂದ್ರಮತಿ. "ಅವತ್ತ್ ಬಹರೇನಿಂದ ಚಂದ ಕೇಂತಿತ್ತ್."

ಅವನು ಮೊದಲಿನಿಂದ ಮತ್ತೆ ಓದಿದ. ಈ ಸಲ ಯಾರೂ ನಗಲಿಲ್ಲ.

ಕುಂದಾಪುರದಲ್ಲಿ ವಕೀಲರು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಇಬ್ಬರೂ ಸೇರಿ ಕೇಳಿಕೊಂಡರೆ ನ್ಯಾಯಾಲಯ ಅದನ್ನು ಮನ್ನಾ ಮಾಡಲೂಬಹುದು ಎಂದು ವಿವರಿಸಿದರು. ರಾಜೀವ ಅವಳ ಮುಖ ನೋಡಿದ. "ಅವಳ ವೀಸಾಕ್ಕೆ ಇನ್ ಮೂರೇ ತಿಂಗ್ಳ್" ಎಂದ.

"ನಾನ್ ಎಂಟ್ ವರ್ಷ ಕಾದಿದೆ. ನಂಗ್ ಎಂತ ಅವಸ್ರ ಇಲ್ಲ."

ಪೆನ್ನು ಹಿಡಿಯುವ ಮುಂಚೆ ಅವಳು ವಕೀಲರನ್ನು ಒಂದೇ ಪ್ರಶ್ನೆ ಕೇಳಿದಳು: ಇದೆಲ್ಲ ಮುಗಿದ ಮೇಲೆ ಇವರಿಗೆ ಅವಿವಾಹಿತ ಎಂಬ ಪತ್ರ ಸಿಗುತ್ತದೆಯೇ?

"ಇಲ್ಲಮ್ಮ. ಇನ್ನು ಎಲ್ಲಿ ಮದುವೆಯಾಗುವುದಿದ್ದರೂ ಈ ತೀರ್ಪಿನ ಪ್ರತಿಯನ್ನೇ ತೋರಿಸಬೇಕು."

"ಅದ್ರಂಗೆ ನನ್ನ ಹೆಸ್ರ್ ಇರತ್ತಾ?"

"ಇರಲೇಬೇಕಲ್ಲ."

ವಕೀಲರು ಬರೀ ಚಂದ್ರಮತಿ ಎಂದಷ್ಟೇ ಬರೆದಿದ್ದರು. ಅವಳು ಅರ್ಜಿಯನ್ನು ಅವರ ಕಡೆಗೆ ವಾಪಸು ಸರಿಸಿ, ಮನೆಯ ಹೆಸರು, ತಾಯಿಯ ಹೆಸರು, ಗಂಗೊಳ್ಳಿ ಎಲ್ಲವನ್ನೂ ಸೇರಿಸಲು ಹೇಳಿ, ಟೈಪ್ ಆಗಿ ಬರುವ ತನಕ ಬೆಂಚಿನಲ್ಲಿ ಕೂತಳು. ಪಕ್ಕದಲ್ಲೇ ರಾಜೀವನೂ ಕೂರಬೇಕಾಯಿತು. ಬೇರೆ ಬೆಂಚು ಇರಲಿಲ್ಲ.