ಬೋಗಾದಿಯವರ ಊಹೆ

ಏಪ್ರಿಲ್ ಬಂತೆಂದರೆ ಈಗಲೂ ಸಂಜೆ ಆರೂವರೆಗೆ ನನ್ನ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ. ಟೆರೇಸಿನ ಗಿಡಗಳಿಗೆ ನೀರು ಹಾಕಿ, ಪೈಪು ಸುತ್ತಿಟ್ಟು, ಇನ್ನೂ ಬಿಸಿ ಇಳಿಯದ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಹೊತ್ತು ಅದು. ರಾಮಕೃಷ್ಣನಗರದ ನಮ್ಮ ರಸ್ತೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ, ಎದುರುಮನೆಯ ಕುಕ್ಕರ್ ಕೂಗುತ್ತಿರುತ್ತದೆ. ಆರೂವರೆಯಿಂದ ಏಳರವರೆಗಿನ ಆ ಅರ್ಧ ಗಂಟೆಯಲ್ಲಿ ನಾನು ಆಡಿದಷ್ಟು ಜಗಳವನ್ನು, ಪಟ್ಟಷ್ಟು ಸುಖವನ್ನು ಆಮೇಲೆ ಕಂಡಿಲ್ಲ. ಆಗ ಮೊಬೈಲಿನಲ್ಲಿ ನಡೆಯುತ್ತಿದ್ದ ಆ ಸ್ಪರ್ಧೆ ಈಗ ಇಲ್ಲ.

ನಮ್ಮದು ಟೆರೇಸಿನಲ್ಲಿ ಗಿಡ ಬೆಳೆಸುವವರ ಮೊಬೈಲ್ ಗುಂಪು. ಮೈಸೂರಿನ ಬೇರೆ ಬೇರೆ ಬಡಾವಣೆಗಳ ನಲವತ್ತು ಚಿಲ್ಲರೆ ಜನ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅಷ್ಟೊಂದು ಹೆಸರು ನೆನಪಿಟ್ಟುಕೊಳ್ಳುವುದು ಯಾರಿಂದಾಗುತ್ತದೆ ಎಂದು ಬಡಾವಣೆಯ ಹೆಸರಿನಿಂದಲೇ ಕರೆಯುವುದು ರೂಢಿಯಾಗಿಬಿಟ್ಟಿತ್ತು. ನಾನು ರಾಮಕೃಷ್ಣನಗರ. ಮಲ್ಲಿಗೆಗೆ ಮೊಟ್ಟೆ ಸಿಪ್ಪೆ ಹಾಕಿ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದಾಕೆ ಕುವೆಂಪುನಗರ. ಗುಂಪು ಕಟ್ಟಿದವಳು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿಯಮವಿಲ್ಲದಿದ್ದರೆ ಇವಳಿಗೆ ಉಸಿರೇ ಆಡುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ.

ಮೊದಲ ನಿಯಮವನ್ನು ನಾನು ಸಿಟ್ಟಿನಲ್ಲಿ ಮಾಡಿದ್ದು. ಒಂದು ಬೆಳಿಗ್ಗೆ ಯಾರದೋ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ಸಾಲಾಗಿ ಕೈಮುಗಿದ ಚಿತ್ರಗಳು. ನಡುವೆ ಒಬ್ಬರು ದಾಸವಾಳದ ಹಿಟ್ಟುತಿಗಣೆಗೆ ಏನು ಹೊಡೆಯಲಿ ಎಂದು ಕೇಳಿದರೆ, ಅದಕ್ಕೂ ಇನ್ನೊಬ್ಬರು ‘ಓಂ ಶಾಂತಿ’ ಎಂದು ಉತ್ತರ ಕೊಟ್ಟರು. ನನಗೆ ತಲೆ ಕೆಟ್ಟುಹೋಯಿತು. ಅವತ್ತೇ ಹಾಕಿದೆ: ಈ ಗುಂಪಿನಲ್ಲಿ ಶುಭೋದಯ ಇಲ್ಲ, ಹುಟ್ಟುಹಬ್ಬ ಇಲ್ಲ, ಸಾವಿನ ಸುದ್ದಿ ಇಲ್ಲ. ಗಿಡದ ಮಾತು ಬಿಟ್ಟು ಬೇರೆ ಏನೂ ಇಲ್ಲ.

ಆ ಮಾತು ನಾನೇ ಮೀರಿದ್ದು ಕ್ರಿಕೆಟ್ಟಿಗಾಗಿ. ಬೇಸಿಗೆಯಲ್ಲಿ ನಡೆಯುತ್ತದಲ್ಲ, ಊರೂರಿನ ತಂಡಗಳ ಇಪ್ಪತ್ತು ಓವರಿನ ಪಂದ್ಯಾವಳಿ, ಅದು ಶುರುವಾದಾಗ ಸಂಜೆ ನೀರು ಹಾಕುತ್ತ ಯಾರು ಗೆಲ್ಲಬಹುದೆಂದು ಒಬ್ಬರು ಕೇಳಿದರು. ಹತ್ತು ಜನ ಉತ್ತರ ಕೊಟ್ಟರು. ಮಾರನೆಯ ದಿನ ಇಪ್ಪತ್ತಾಯಿತು. ಹಾಗಿದ್ದರೆ ಕ್ರಮವಾಗಿ ಆಗಲಿ ಎಂದು ನಾನೇ ಸ್ಪರ್ಧೆ ಮಾಡಿದೆ. ಸಂಜೆ ಏಳರೊಳಗೆ ಊಹೆ ಬರೆಯಬೇಕು. ಸುಮ್ಮನೆ ತಂಡದ ಹೆಸರು ಬರೆದರೆ ಸಾಲದು, ಕಾರಣಕ್ಕೆ ಒಂದು ಸಾಲು ಬರೆಯಬೇಕು. ಸರಿಯಾದರೆ ಒಂದು ಅಂಕ, ತಪ್ಪಿದರೆ, ಬರೆಯದಿದ್ದರೆ ಸೊನ್ನೆ. ಪಂದ್ಯಾವಳಿ ಮುಗಿದಾಗ ಅಂಕದಲ್ಲಿ ಮೊದಲು ಬಂದವರು ಕೊನೆಗೆ ಬಂದವರ ಮನೆಗೆ ಹೋಗಿ, ಅವರ ಟೆರೇಸಿನಲ್ಲಿ ಯಾವ ಗಿಡ ಬೇಕೋ ಅದನ್ನು ಕುಂಡದ ಸಮೇತ ಕೇಳಬಹುದು. ಇಲ್ಲ ಎನ್ನುವ ಹಾಗಿಲ್ಲ. ಎರಡನೆಯ ವರ್ಷ ಒಬ್ಬರು ಗೆದ್ದ ಗುಲಾಬಿಯನ್ನು ಮನಸ್ಸು ಕರಗಿ ಹಿಂದಕ್ಕೆ ಕೊಟ್ಟಾಗ, ಹೀಗಾದರೆ ಆಟದ ಬೆಲೆಯೇನು ಎಂದು ಗುಂಪಿನಲ್ಲಿ ದೊಡ್ಡ ರಂಪವಾಯಿತು. ಗೆದ್ದ ಗಿಡ ವಾಪಸ್ ಕೊಡುವ ಹಾಗಿಲ್ಲ ಎಂಬುದನ್ನೂ ಸೇರಿಸಿದೆ.

ಈ ಆಟದಲ್ಲಿ ನನ್ನ ಹಗೆಯೆಂದರೆ ಬೋಗಾದಿಯವರು. ಬೋಗಾದಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಕೊಂಡಿದ್ದ ನಿವೃತ್ತ ಸರ್ಕಾರಿ ನೌಕರರು ಎಂಬುದಷ್ಟೇ ಗೊತ್ತಿತ್ತು. ಅವರ ಊಹೆ ಹೆಚ್ಚಾಗಿ ಸರಿಯಾಗುತ್ತಿತ್ತು ಎಂಬುದು ಒಂದು ಉರಿಯಾದರೆ, ಅವರು ಬರೆಯುತ್ತಿದ್ದ ಕಾರಣದ ಸಾಲು ಇನ್ನೊಂದು ಉರಿ. ನಾನು ಸೋತರೂ ಗೆದ್ದರೂ ಬೆಂಗಳೂರು ತಂಡದವಳು. ಒಂದು ಸಂಜೆ ಅವರು ಬರೆದರು: “ಇವತ್ತು ಬೆಂಗಳೂರು ಇಲ್ಲ. ಒಗ್ಗರಣೆ ಘಮಘಮ, ಸಾರಿನಲ್ಲಿ ಬೇಳೆಯೇ ಇಲ್ಲ.” ಹಾಗೆಯೇ ಆಯಿತು, ಮೊದಲು ಆಡಲು ಇಳಿದ ಇಬ್ಬರು ಹೊಡೆದರು, ಆಮೇಲೆ ಬಂದವರೆಲ್ಲ ಸಾಲಾಗಿ ಔಟಾಗಿ ಮರಳಿದರು. ಇನ್ನೊಂದು ಸಲ, “ಎದುರಾಳಿಗಳು ಈಚೆಗೆ ಬೀಗರ ಮನೆಗೆ ಬಂದವರ ಹಾಗೆ ಸಂಕೋಚದಿಂದ ಆಡುತ್ತಿದ್ದಾರೆ, ಇವತ್ತೊಂದು ದಿನ ರಾಮಕೃಷ್ಣನಗರದವರಿಗೆ ನಿದ್ದೆ ಬರಬಹುದು” ಎಂದರು. ನಾನು ಬಿಡುತ್ತೇನೆಯೇ? ಒಂದಕ್ಕೆ ಎರಡು ಕೊಡುತ್ತಿದ್ದೆ. ಉತ್ತರ ಹೊಳೆಯದ ದಿನ ಉಪ್ಪಿಟ್ಟು ಕಲಕುತ್ತಾ ಯೋಚಿಸಿ ತಳ ಹಿಡಿಸಿದ್ದೂ ಉಂಟು. “ಯಾರ್ ಜೊತೆ ನಗ್ತಿದೀಯೇ ಒಬ್ಳೇ?” ಎಂದು ಯಜಮಾನರು ನಡುಮನೆಯಿಂದ ಕೂಗುತ್ತಿದ್ದರು. ಅಷ್ಟು ವಯಸ್ಸಾದ ಮೇಲೆ ಹಾಗೆ ನಗುವುದು ಸಿಕ್ಕಿತ್ತು ನನಗೆ.

ಬೋಗಾದಿಯವರ ಟೆರೇಸಿನಲ್ಲಿ ಒಂದು ಬಿಲ್ವವಿತ್ತು. ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಆಳೆತ್ತರ ಬೆಳೆದದ್ದು. ಕಡ್ಡಿ ಚುಚ್ಚಿದರೆ ಬರುವ ಗಿಡವಲ್ಲ ಅದು. ಬೀಜ ಹಾಕಿ ವರ್ಷಗಟ್ಟಲೆ ಕಾಯಬೇಕು. ಸೋಮವಾರ ಬಂದರೆ ಅದರ ಚಿತ್ರ ಗುಂಪಿನಲ್ಲಿ ತಪ್ಪುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಸೋಮವಾರದ ಪೂಜೆಗೆ ಬಿಲ್ವಪತ್ರೆ ಬೇಕೇ ಬೇಕು, ಅದಕ್ಕಾಗಿ ಯಜಮಾನರು ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಬೇಕು. ಆ ಗಿಡದ ಮೇಲೆ ನನ್ನ ಕಣ್ಣು ಬಿದ್ದಿತ್ತು. ಒಂದಲ್ಲ ಒಂದು ವರ್ಷ ಅದನ್ನು ಹೊತ್ತು ತರುತ್ತೇನೆ ಎಂದು ಗುಂಪಿನಲ್ಲೇ ಸಾರಿದ್ದೆ.

ಐದನೆಯ ಬೇಸಿಗೆಯಲ್ಲಿ ಪಂದ್ಯಾವಳಿ ಶುರುವಾಗಿ ಮೂರು ವಾರವಾಗಿತ್ತು. ಬೋಗಾದಿಯವರ ಊಹೆ ಬರುವುದು ಇದ್ದಕ್ಕಿದ್ದಂತೆ ನಿಂತಿತು. ಒಂದು ದಿನ, ಎರಡು ದಿನ, ಒಂದು ವಾರ. ನಾನು ದಿನವೂ ಅವರ ಹೆಸರಿನ ಮುಂದೆ ಸೊನ್ನೆ ಹಾಕುತ್ತಿದ್ದೆ, ಖುಷಿಯಾಗಿಯೇ ಹಾಕುತ್ತಿದ್ದೆ. ಎಂಟನೆಯ ದಿನ ಬರೆದೆ: “ಬೋಗಾದಿಯವರು ಸೋಲಿನ ಭಯಕ್ಕೆ ಊರು ಬಿಟ್ಟರೋ ಹೇಗೆ? ಬಿಲ್ವಕ್ಕೆ ನೀರು ಹಾಕುವವರಾದರೂ ಇದ್ದಾರೋ?” ಗುಂಪಿಗೆ ಗುಂಪೇ ನಕ್ಕಿತು. ಇನ್ನೊಂದೈದು ದಿನ ಕಳೆದ ಮೇಲೆ ಅವರು ಬಂದರು. “ಕೆಲಸವಿತ್ತು. ಸೊನ್ನೆ ಹಾಕಿಕೊಳ್ಳಿ.” ಅಷ್ಟೇ. ಆಮೇಲೆ ಬರೆದ ಊಹೆಗಳಲ್ಲಿ ಗೇಲಿ ಇಲ್ಲ, ಚುಚ್ಚು ಇಲ್ಲ. “ಚೆನ್ನೈ. ಬೌಲಿಂಗ್ ಚೆನ್ನಾಗಿದೆ.” ಅದೂ ತಪ್ಪುತ್ತಿತ್ತು. ಮುದುಕರಿಗೆ ಹಿಡಿತ ತಪ್ಪಿತು ಎಂದು ನಾನು ಬೀಗಿದೆ.

ಆ ವರ್ಷ ಮೊದಲು ಬಂದವಳು ನಾನು. ಕೊನೆಗೆ ಬಂದವರು ಅವರು.

ಜೂನಿನ ಒಂದು ಭಾನುವಾರ ಗೂಡ್ಸ್ ಆಟೋ ಹಿಡಿದು ನಾನೂ ಯಜಮಾನರೂ ಬೋಗಾದಿಗೆ ಹೋದೆವು. ಬಾಗಿಲಲ್ಲಿ ನಿಂತಿದ್ದವರು ತೆಳ್ಳಗೆ, ಎತ್ತರದ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಎಳೆದುಕೊಂಡ ಮನುಷ್ಯ. ನಮಸ್ಕಾರ ಮಾಡಿ, ಮನೆಯ ಹೊರಗಿನ ಮೆಟ್ಟಿಲಿನಿಂದಲೇ ಮೇಲಕ್ಕೆ ಕರೆದುಕೊಂಡು ಹೋದರು. “ಯಾವ್ದು ಬೇಕು ಮೇಡಂ?” ಎಂದರು. ನಾನು ಬಿಲ್ವ ತೋರಿಸಿದೆ. ಒಂದು ಗಳಿಗೆ ಅದನ್ನೇ ನೋಡುತ್ತ ನಿಂತು, ಕೆಳಗಿಳಿದು ಹೋಗಿ ಒಂದು ಹಳೆಯ ಗೋಣಿತಾಟು ತಂದು, ಗಾಳಿಗೆ ಕೊಂಬೆ ಮುರಿಯದಂತೆ ತಾವೇ ಸುತ್ತಿ ಕಟ್ಟಿದರು. “ಬೆಳಗ್ಗೆ ಬಿಸ್ಲು ಬೀಳೋ ಕಡೆ ಇಡಿ” ಎಂದು ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಒಳಗೆ ಕರೆಯಲಿಲ್ಲ, ಒಂದು ಲೋಟ ಕಾಫಿ ಇಲ್ಲ. ದಾರಿಯುದ್ದಕ್ಕೂ ನಾನು ಅದನ್ನೇ ಆಡಿಕೊಂಡೆ. ಸೋತಿದ್ದಕ್ಕೆ ಇಷ್ಟು ಮುಖ ದಪ್ಪ ಮಾಡಿಕೊಳ್ಳುವುದೇ ಎಂದು ಯಜಮಾನರಿಗೆ ಹೇಳಿದೆ.

ಮರುವರ್ಷ ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಬಿಲ್ವದ ಎಲೆಗಳೆಲ್ಲ ಹಳದಿಯಾಗಿ ಉದುರತೊಡಗಿದವು. ನಾಲ್ಕೇ ದಿನದಲ್ಲಿ ಬರೀ ಮುಳ್ಳು ಉಳಿಯಿತು. ಗುಂಪಿನಲ್ಲಿ ಕೇಳಿದರೆ ಮಾನ ಹೋಗುತ್ತದೆ ಎಂದು ಮೊಟ್ಟಮೊದಲ ಸಲ ಬೋಗಾದಿಯವರಿಗೆ ನೇರವಾಗಿ ಫೋನ್ ಮಾಡಿದೆ.

“ಹೆದರ್ಬೇಡಿ ಮೇಡಂ,” ಎಂದರು. “ಈ ಕಾಲದಲ್ಲಿ ಅದು ಅಂಗೇ. ಉದುರಿ ಆಮೇಲೆ ಚಿಗುರ್ತದೆ. ನಮ್ಮನೆಯವ್ರೂ ಮೊದಲನೇ ವರ್ಷ ಹಿಂಗೇ ಹೆದರ್ಕೊಂಡ್ಬುಟ್ಟಿದ್ರು. ಬೀಜ ಹಾಕಿ ಬೆಳೆಸಿದ್ದು ಅವ್ರೇ ಅಲ್ವಾ.”

“ಹಂಗಾದ್ರೆ ಫೋನ್ ಅವ್ರಿಗೇ ಕೊಡಿ ಸಾರ್, ಗೊಬ್ಬರದ್ದೂ ಕೇಳ್ಕೊಂಬಿಡ್ತೀನಿ.”

“ಅವ್ರು ತೀರ್ಕೊಂಡು ಬರೋ ತಿಂಗ್ಳಿಗೆ ಒಂದು ವರ್ಷ ಆಗ್ತದೆ ಮೇಡಂ.”

ಗಣಿತದವಳಿಗೆ ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಏಪ್ರಿಲ್. ಆ ಹದಿಮೂರು ದಿನ. ಸಾಲಾಗಿ ನಾನು ಹಾಕಿದ ಸೊನ್ನೆಗಳು. ಬಿಲ್ವಕ್ಕೆ ನೀರು ಹಾಕುವವರಾದರೂ ಇದ್ದಾರೋ ಎಂದು ನಾನು ಕೇಳಿದ್ದು. ಆ ಸೊನ್ನೆಗಳಿಂದಲೇ ಅವರು ಕೊನೆಗೆ ಹೋದದ್ದು, ನಾನು ಹೋಗಿ ಅದೇ ಗಿಡವನ್ನು ಬೆರಳು ಮಾಡಿ ತೋರಿಸಿದ್ದು. “ಯಾಕ್ ಸಾರ್ ಹೇಳ್ಲಿಲ್ಲ?” ಎಂದೆ.

“ಗ್ರೂಪಲ್ಲಿ ಸಾವಿನ ಸುದ್ದಿ ಹಾಕ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಡಂ,” ಎಂದರು. ಕುಟುಕುವ ದನಿಯಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳುವ ದನಿ. ಗಿಡ ನಾಳೆಯೇ ತಂದುಕೊಡುತ್ತೇನೆ ಎಂದೆ. ಒಪ್ಪಲಿಲ್ಲ. ಗೆದ್ದಿದ್ದು ವಾಪಸ್ ಕೊಡುವ ಹಾಗಿಲ್ಲ, ಅದೂ ನಿಯಮವೇ, ನಿಮ್ಮ ಮನೆಯಲ್ಲಿ ಸೋಮವಾರ ಪೂಜೆಗೆ ಆಗುತ್ತದಲ್ಲ, ಇರಲಿ ಎಂದರು.

ಆ ಮಧ್ಯಾಹ್ನ ಗುಂಪಿನ ಹಳೆಯ ಚಿತ್ರಗಳನ್ನೆಲ್ಲ ಹಿಂದಕ್ಕೆ ಸರಿಸುತ್ತ ನೋಡಿದೆ. ಬಿಲ್ವದ ಪ್ರತಿ ಚಿತ್ರದಲ್ಲೂ ಕೊಂಬೆಯನ್ನು ಬಾಗಿಸಿ ಹಿಡಿದ ಒಂದು ಕೈ, ಹಸಿರು ಗಾಜಿನ ಬಳೆ. ಐದು ವರ್ಷ ನೋಡಿದ್ದೆ, ಎಲೆ ಮಾತ್ರ ಕಂಡಿತ್ತು. ಕಳೆದ ಏಪ್ರಿಲ್‌ನಿಂದ ಈಚೆಗೆ ಕೈ ಇರಲಿಲ್ಲ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ನಿಯಮದಲ್ಲಿ ಹೋದದ್ದು ನಿಯಮದಲ್ಲೇ ಹಿಂದಿರುಗಲಿ ಎಂದುಕೊಂಡೆ. ಆರನೆಯ ಬೇಸಿಗೆಯಲ್ಲಿ ನಾನು ಕೊನೆಗೆ ಬರಬೇಕು, ಅವರು ಮೊದಲು ಬರಬೇಕು. ಬಂದು ತಮ್ಮ ಗಿಡ ತಾವು ಕೇಳಿಕೊಳ್ಳಬೇಕು. ಸೋಲುವುದು ಏನು ಮಹಾ ಎಂದು ದಿನವೂ ಸೋತು ಸುಣ್ಣವಾದ ತಂಡವನ್ನೇ ಹುಡುಕಿ ಊಹಿಸಿದೆ. ಆ ದರಿದ್ರದವುಗಳು ಅವತ್ತೇ ಎದ್ದು ಕುಳಿತು ಗೆಲ್ಲಬೇಕೇ! ಐದು ಪಂದ್ಯ ಸೋತ ತಂಡ ನಾನು ಹೆಸರು ಬರೆದ ದಿನ ಇನ್ನೂರು ಹೊಡೆಯಿತು. ನಾನು ಮೊದಲಿನಿಂದ ನಂಬಿದ್ದ ಬೆಂಗಳೂರನ್ನು, ಇವರಂತೂ ಸೋತು ನನ್ನನ್ನೂ ಸೋಲಿಸುತ್ತಾರೆ ಎಂದು ನೆಚ್ಚಿ ಬರೆದರೆ ಅದೂ ಗೆಲ್ಲತೊಡಗಿತು. “ಮೇಡಂ, ಈ ವರ್ಷ ನಿಮ್ಗೆ ದೇವ್ರು ಬಂದ್ಬುಟ್ಟಿದೆ” ಎಂದು ಕುವೆಂಪುನಗರ ಕಾಲೆಳೆದಳು. ಬೆಳಿಗ್ಗೆ ಕಾಫಿ ಕುಡಿಯುತ್ತ ಅಂಕ ಕೂಡಿಸುವಾಗ ನನಗೆ ಅಳು ಬರುವುದೊಂದು ಬಾಕಿ. ಬೋಗಾದಿಯವರದೋ, ಅದೇ ಸಪ್ಪೆ ಸಾಲು, ಅದೇ ತಪ್ಪು ಊಹೆ. ಮೇ ಕೊನೆಗೆ ಪಂದ್ಯಾವಳಿ ಮುಗಿದಾಗ ನಾನು ಎರಡನೆಯವಳು, ಅವರು ಎಲ್ಲೋ ಕೆಳಗೆ. ಬಿಲ್ವ ನನ್ನ ಟೆರೇಸಿನಲ್ಲೇ ಉಳಿಯಿತು.

ಯಜಮಾನರು ಪೇಪರಿನಿಂದ ತಲೆ ಎತ್ತಿ ಕೇಳಿದರು: “ಅಲ್ವೇ, ಒಂದು ಗಿಡ ಕೊಡೋಕೆ ಮ್ಯಾಚ್ ಸೋಲ್ಲೇಬೇಕಾ? ಒಂದು ಆಟೋ ಕರ್ಸಿದ್ರೆ ಆಗಲ್ವಾ?”

ಆಗುತ್ತಿತ್ತು. ಎರಡು ತಿಂಗಳ ಮುಂಚೆಯೇ ಆಗುತ್ತಿತ್ತು. ಆದರೆ ತಪ್ಪು ನನ್ನದೆಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಇಷ್ಟೆಲ್ಲ ಆಟ. ಆ ಸಂಜೆ ಗುಂಪಿನಲ್ಲಿ ಬರೆದೆ: “ಇವತ್ತು ನಿಯಮ ಮುರಿಯುತ್ತಿದ್ದೇನೆ. ಕಳೆದ ವರ್ಷದ ಏಪ್ರಿಲ್‌ನಲ್ಲಿ ಬೋಗಾದಿಯವರ ಶ್ರೀಮತಿಯವರು ತೀರಿಕೊಂಡರು. ನಾವು ನೋಡುತ್ತಿದ್ದ ಬಿಲ್ವ ಅವರು ಬೆಳೆಸಿದ್ದು. ಅವರು ತೀರಿಕೊಂಡ ಎಂಟನೆಯ ದಿನ ನಾವೆಲ್ಲ ಬೋಗಾದಿಯವರನ್ನು ಗೇಲಿ ಮಾಡಿದೆವು. ಶುರು ಮಾಡಿದವಳು ನಾನು. ತಪ್ಪಾಯಿತು.” ಆಮೇಲೆ ಒಬ್ಬೊಬ್ಬರಾಗಿ ಬರೆಯತೊಡಗಿದರು. ಕೈಮುಗಿದ ಚಿತ್ರವಲ್ಲ, ಮಾತು. ಒಬ್ಬರು ಆ ಬಳೆಯ ಕೈಯನ್ನು ಗಮನಿಸಿದ್ದರಂತೆ.

ಮಾರನೆಯ ಬೆಳಿಗ್ಗೆ ಬಿಲ್ವವನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಒಬ್ಬಳೇ ಬೋಗಾದಿಗೆ ಹೋದೆ. ಗೇಟು ತೆರೆದವರೇ ಡ್ರಮ್ಮು ನೋಡಿ, “ಬ್ಯಾಡ ಮೇಡಂ, ಆಟ ಅಂದ್ಮೇಲೆ ಆಟ” ಎಂದರು. “ಆಟ ಕಟ್ಟಿದವ್ಳು ನಾನು ಸಾರ್, ಮುರೀತಾ ಇರೋಳೂ ನಾನೇ. ಒಂದ್ ಕಡೆ ಹಿಡೀರಿ” ಎಂದೆ. ಅವರೂ ಆಟೋದವನೂ ಸೇರಿ ಏದುಸಿರು ಬಿಡುತ್ತ ಮೇಲಕ್ಕೆ ಹೊತ್ತರು. ಬಿಲ್ವವಿದ್ದ ಜಾಗದಲ್ಲಿ ಬೇರೆ ಕುಂಡ ಇಟ್ಟಿರಲಿಲ್ಲ. ಗಿಡ ಇಳಿಸಿ, ಆಟೋದವನು ಹೋದ ಮೇಲೆ, ಹೊಸ ಚಿಗುರನ್ನು ಮುಟ್ಟುತ್ತ ಅವರು ಮಾತು ಶುರು ಮಾಡಿದರು.

“ನಿನ್ನೆ ಎಲ್ರೂ ಬರೆದಿದ್ದನ್ನ ಫೋಟೋ ಮುಂದೆ ಕೂತ್ಕೊಂಡು ಜೋರಾಗಿ ಓದ್ದೆ ಮೇಡಂ. ಮುಂಚಿಂದ ಅಂಗೇ ಅಭ್ಯಾಸ. ಅವ್ಳಿಗೆ ಸಣ್ಣಕ್ಷರ ಕಾಣ್ತಿರ್ಲಿಲ್ಲ. ಗ್ರೂಪಲ್ಲಿ ಬಂದಿದ್ದನ್ನ ನಾನು ಓದೋದು, ಅವ್ಳು ಹೇಳಿದ್ದನ್ನ ನಾನು ಬರೆಯೋದು.”

“ಏನ್ ಹೇಳಿದ್ದನ್ನ?”

“ಊಹೆ ಕಣ್ರೀ. ನಂಗೆಲ್ಲಿ ಬರ್ತದೆ ಕ್ರಿಕೆಟ್ಟು? ನಿಮ್ಗೆ ಕೊಡ್ತಿದ್ದ ಜವಾಬೆಲ್ಲ ಅವ್ಳದ್ದೇ. ನಿಮ್ ಮೆಸೇಜು ಓದಿದ್ರೆ ಸಾಕು, ಸೌಟು ಹಿಡ್ಕೊಂಡೇ ಓಡಿಬರೋಳು. ಬರೀರಿ, ಈಗ್ಲೇ ಬರೀರಿ, ರಾಮಕೃಷ್ಣನಗರದವ್ರು ಕಾಯ್ತಿರ್ತಾರೆ ಅನ್ನೋಳು. ಒಂದ್ಸಲ ನಿಮ್ಮನೆಗೆ ಕರ್ಕೊಂಡೋಗಿ ಅಂತ ಗೋಗರೀತಿದ್ಲು. ಸೀಸನ್ ಮುಗೀಲಿ ಇರು ಅಂದಿದ್ದೆ.”

ಐದು ಬೇಸಿಗೆ ನಾನು ಜಗಳವಾಡಿದ್ದು, ಸೋಲಿಸಲೇಬೇಕೆಂದು ಹಲ್ಲು ಕಡಿದದ್ದು, ಉತ್ತರ ಹುಡುಕುತ್ತ ಒಬ್ಬಳೇ ನಕ್ಕದ್ದು, ಎಲ್ಲ ಆಕೆಯ ಜೊತೆ. ಅಂಥ ಗೆಳತಿ ನನಗೆ ಮುಂಚೆ ಇರಲಿಲ್ಲ, ಆಮೇಲೆ ಸಿಕ್ಕಿಲ್ಲ. ಆಕೆ ಹೋಗಿ ವರ್ಷದ ಮೇಲೆ ಒಂದು ತಿಂಗಳಾಗಿತ್ತು. ನಾನು ಅವತ್ತು, ಅವರ ಟೆರೇಸಿನಲ್ಲಿ ನಿಂತು, ಅತ್ತುಬಿಟ್ಟೆ.